ಅರ್ಜಿಯಲ್ಲಿ ಸತ್ತವನು, ಕಥೆಯಲ್ಲಿ ಬದುಕಿದವನು

ಮಾಸ್ತರರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಇರಬೇಕಾದ ಜಾಗದಲ್ಲಿ ನುಣುಪಾದ ಚರ್ಮ, ಅದರ ಮೇಲೆ ಸದಾ ಕಾರ್ಬನ್ ಹಾಳೆಯ ನೀಲಿ. ಪೆನ್ನು ಹಿಡಿದಾಗ ಆ ಬೆರಳು ಮೊಂಡಾಗಿ ಒತ್ತುತ್ತಿತ್ತು. ಅದಕ್ಕೇ ಅವರ ಅಕ್ಷರ ಮೂರನೇ ಪ್ರತಿಯಲ್ಲೂ ಸ್ಪಷ್ಟವಾಗಿ ಮೂಡುತ್ತಿತ್ತು. ಉಗುರು ಏನಾಯಿತೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಶಾಲೆಯ ಮಕ್ಕಳಿಗೆ ಇಲಿ ಕಚ್ಚಿತು ಅನ್ನುವರು, ಪೊಲೀಸರಿಗೆ ಕುಂಟೆ ಬಡಿಯಿತು ಅನ್ನುವರು. ನನಗೆ ನಿಜ ಹೇಳಲು ಒಂದು ವರ್ಷ ತೆಗೆದುಕೊಂಡರು. ಎರಡನೇ ತರಗತಿಯಲ್ಲಿ ಅವರನ್ನು ಶಾಲೆಯ ಹೊರಗೆ ಕಿಟಕಿಯ ಬಳಿ ಕೂರಿಸುತ್ತಿದ್ದರಂತೆ. ಒಳಗಿನ ಕರಿಹಲಗೆ ಕಾಣಲೆಂದು ಚೌಕಟ್ಟು ಹಿಡಿದು ನಿಂತಿದ್ದಾಗ, ಧೂಳು ಬರುತ್ತದೆಂದು ಒಳಗಿನವರು ಕಿಟಕಿಯ ಬಾಗಿಲು ಎಳೆದುಕೊಂಡರು. “ಬೇಕಂತ ಮಾಡಿದ್ದಲ್ಲ ಬಿಡು. ನಾ ಅಲ್ಲಿ ನಿಂತೀನಿ ಅನ್ನೂದ ಅವರಿಗಿ ನೆನಪಿದ್ದಿಲ್ಲ,” ಅಂದರು. ಅಷ್ಟು ಹೇಳಿ ಬೇರೆ ಮಾತಿಗೆ ಹೋದರು.

ನಾನು ಆಗ ಗಂಗಾವತಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅಪ್ಪ ಕೊಪ್ಪಳದಲ್ಲಿ ದರ್ಜಿ. ನನ್ನನ್ನೂ ಹೊಲಿಗೆಗೆ ಕೂರಿಸಬೇಕೆಂದಿದ್ದ, ಯಾರದೋ ಮದುವೆಯ ಶೇರ್ವಾನಿಯ ಅಳತೆ ತಪ್ಪಿಸಿ ಕೆಡಿಸಿದ ಮೇಲೆ ಅವನೇ ಕೈಬಿಟ್ಟ. ಮನೆಯಲ್ಲಿ ದಖ್ಖನಿ ಮಾತು, ಕೈಯಲ್ಲಿ ಕನ್ನಡ ಅಕ್ಷರ, ಅದೂ ಹಿಂದುಮುಂದಾಗಿ. ಅಕ್ಕಿ ಗಿರಣಿಗಳ ರಸೀದಿ ಪುಸ್ತಕ, ಲಗ್ನಪತ್ರಿಕೆ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಇಷ್ಟೇ ನಮ್ಮ ಸಾಹಿತ್ಯ. ಎಮರ್ಜೆನ್ಸಿ ಮುಗಿದ ಮರುವರ್ಷ ಮಾಸ್ತರರು ಒಂದು ಕರಪತ್ರ ಹಿಡಿದು ಬಂದರು. ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು, ಸ್ವತಃ ಕೇರಿಯಲ್ಲಿ ಹುಟ್ಟಿದವರು. ಹೋಟೆಲುಗಳ ಹೊರಗೆ ಗೂಡಿನಲ್ಲಿ ಕೇರಿಯವರಿಗೆಂದೇ ಇಟ್ಟ ಬೇರೆ ಕಪ್ಪುಗಳ ಬಗ್ಗೆ ಆ ಕರಪತ್ರ. ನಮ್ಮ ಮಾಲೀಕರು ಓದಿ, ಮಷೀನು ಕೆಟ್ಟಿದೆ ಅಂದರು. ಮಷೀನು ಅವರ ಬೆನ್ನ ಹಿಂದೆಯೇ ಧಡಧಡ ಓಡುತ್ತಿತ್ತು. ಮಾಸ್ತರರು ಅದನ್ನೊಮ್ಮೆ ನೋಡಿ, ರಿಪೇರಿ ಆದ ಮೇಲೆ ಬರುತ್ತೇನೆಂದು ಹೋದರು. ಮುಂದಿನ ಶನಿವಾರ ಬಂದರು, ಅದರ ಮುಂದಿನ ಶನಿವಾರವೂ ಬಂದರು. ನಾಲ್ಕನೇ ಶನಿವಾರ ಮಾಲೀಕರಿಗೇ ನಾಚಿಕೆಯಾಗಿ ಮಷೀನು ರಿಪೇರಿಯಾಯಿತು. ಮೊಳೆ ಜೋಡಿಸಿದವನು ನಾನು. ಒಂದು ಬಯ್ಗುಳವೂ ಇರದ ಆ ಕರಪತ್ರ ಓದಿದ ಮೇಲೆ ಆ ದಿನ ನನಗೆ ಹೊರಗೆ ಚಹಾ ಕುಡಿಯಲಾಗಲಿಲ್ಲ.

ಹೀಗೆ ಪರಿಚಯ. ಆಮೇಲೆ ಭಾನುವಾರ ಬಂತೆಂದರೆ ನಾನು ಬಸ್ಸು ಹತ್ತಿ ಅವರ ಹಿಂದೆ ಹೊರಡುತ್ತಿದ್ದೆ. ಅವರ ಭಾನುವಾರಗಳು ಯಾವುದಾದರೂ ಊರಿನ ಕೇರಿಯ ಕಟ್ಟೆಯ ಮೇಲೆ ಕಳೆಯುತ್ತಿದ್ದವು. ಜನ ಒಬ್ಬೊಬ್ಬರಾಗಿ ಬಂದು ಎದುರಿಗೆ ಕೂರುವರು. ಇವರು ಎರಡು ಕಾರ್ಬನ್ ಇಟ್ಟು ಅರ್ಜಿ ಬರೆಯುವರು. ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ಪೊಲೀಸರಿಗೆ, ಒಂದು ಮನೆಗೆ. ಬರೆದಾದ ಮೇಲೆ ಜೋರಾಗಿ ಓದಿ ಹೇಳುವರು. ಹೇಳಿದವರು “ಹೌದ್ರಿ, ಹಿಂಗ ಆತು” ಅನ್ನುವವರೆಗೂ ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕ ತನ್ನನ್ನು ನಾಲ್ಕು ಜನ ಹೊಡೆದರೆಂದು ಹೇಳಿ, ಓದುವಾಗ ಮೂವರೇ ಇರಬಹುದು ಅಂದ. ಮಾಸ್ತರರು ಇಡೀ ಹಾಳೆ ಹರಿದು ಹೊಸದಾಗಿ ಬರೆದರು. ನಾಲ್ಕಾದರೇನು ಮೂರಾದರೇನು ಎಂದು ನಾನು ಗೊಣಗಿದೆ. ನಮ್ಮ ಕೈಯಲ್ಲಿ ಇರುವುದು ಅದೊಂದೇ, ಅದರಲ್ಲಿ ಒಂದು ಕಾಳು ಸುಳ್ಳು ಬಿದ್ದರೂ ಎಲ್ಲ ಹೋಯಿತು ಅಂದರು.

ಅವರು ಕಥೆ ಬರೆಯುತ್ತಾರೆಂದು ನನಗೆ ತಡವಾಗಿ ಗೊತ್ತಾಯಿತು. ಕಥೆಯನ್ನೂ ಅರ್ಜಿಯ ಹಾಗೆಯೇ ಬರೆಯುತ್ತಿದ್ದರು. ಅದೇ ಹಾಳೆ, ಅದೇ ಕಾರ್ಬನ್, ಅದೇ ಓದಿ ಹೇಳುವ ಪದ್ಧತಿ. ಯಾರ ಬದುಕಿನಿಂದ ಕಥೆ ಬಂದಿತ್ತೋ ಅವರೆದುರೇ ಕೂತು ಓದುವುದು, ಅವರು ತಕರಾರು ತೆಗೆಯುವುದು. ನಮ್ಮ ದೊಡ್ಡ ದೊಡ್ಡ ವಿಮರ್ಶಕರು ಆ ಕಟ್ಟೆಯ ಮೇಲೆ ಒಂದು ತಾಸು ಕೂತಿದ್ದರೆ ಬಾಯಿ ಮುಚ್ಚಿಕೊಂಡು ಎದ್ದುಹೋಗುತ್ತಿದ್ದರು. ಒಬ್ಬಳು ತನ್ನ ಎಮ್ಮೆಯನ್ನು ಕಥೆಯಲ್ಲಿ ಬಡಕಲು ಮಾಡಿದ್ದಕ್ಕೆ ಮೂರು ವಾರ ಮುನಿಸಿಕೊಂಡಳು. ಮಾಸ್ತರರು ಎಮ್ಮೆಗೆ ಮೈ ತುಂಬಿಸಿದರು. ಅದರಿಂದ ಕಥೆ ಚೆನ್ನಾಯಿತು ಅನ್ನುವುದೇ ನನಗೆ ಸೋಜಿಗ.

ಅವರ ಚೀಲದಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಹೊಸಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ರಟ್ಟು ಇಲ್ಲ, ಮೊದಲ ಹಾಳೆಗಳಿಲ್ಲ. ಬರೆದವನು ಅಮೆರಿಕದ ಒಬ್ಬ ಕರಿಯ ಅನ್ನುವುದು ಉಳಿದ ಅರ್ಧ ಮುನ್ನುಡಿಯಿಂದ ಗೊತ್ತಾಗುತ್ತಿತ್ತು, ಹೆಸರು ಹರಿದ ಹಾಳೆಯ ಜೊತೆ ಹೋಗಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದು ಪುಟದಂತೆ ಅದನ್ನು ಓದಿದ್ದರು. ಕೂರಬಾರದ ಜಾಗದಲ್ಲಿ ಕೂತು ಜೈಲಿಗೆ ಹೋದವನು, ಮೆರವಣಿಗೆಯಲ್ಲಿ ಪೆಟ್ಟು ತಿಂದವನು ಎಂದೆಲ್ಲ ಆ ಮುನ್ನುಡಿಯಲ್ಲಿತ್ತಂತೆ. ಅವನ ಕಥೆಗಳನ್ನು ಕಟ್ಟೆಯ ಮೇಲೆ ಕನ್ನಡದಲ್ಲಿ ಹೇಳುವರು. ಅಲ್ಲಿಯ ಹತ್ತಿ ಹೊಲ ಇಲ್ಲಿಯದೇ ಆಗುತ್ತಿತ್ತು. ಆ ಮನುಷ್ಯ ಯಾವ ತಾಲೂಕಿನವನೆಂದು ಒಬ್ಬಜ್ಜಿ ಕೇಳಿದ್ದಕ್ಕೆ, ಮಾಸ್ತರರು ನಗದೆ, ಯಲಬುರ್ಗಾ ಇದ್ದರೂ ಇರಬಹುದು ಅಂದಿದ್ದರು.

ಒಮ್ಮೆ ಬಸ್ಸಿಗೆ ಕಾಯುತ್ತ ಕೂತಾಗ ಆ ಪುಸ್ತಕವನ್ನು ಮಧ್ಯಕ್ಕೆ ತೆರೆದು ನನಗೆ ತೋರಿಸಿದರು. ನನಗೆ ಇಂಗ್ಲಿಷ್ ಅಕ್ಷರ ಜೋಡಿಸಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. “ಇಲ್ಲೀತನಕ ಜೇಲಿಗೆ ಹೋಗೂ ಮುಂಚೆ ಬರದಾನ. ಇಲ್ಲಿಂದ ಹೋಗಿ ಬಂದ ಮ್ಯಾಲ ಬರದಾನ. ಮೊದಲ ಬಿಳಿ ಮಂದಿ ಓದಿ ಅಳಲಿ ಅಂತ ಬರೀತಿದ್ದ. ಆಮ್ಯಾಲ ತನ್ನ ಮಂದಿ ಕೇಳಿ ಎದ್ದು ಕೂಡಲಿ ಅಂತ ಬರದಾನ. ನಾನೂ ಮೊದಲ ಊರವರು ಅಳಲಿ ಅಂತನ ಬರೀತಿದ್ದೆ, ತಮ್ಮಾ,” ಅಂದರು. ಆ ಕರಪತ್ರ ಹಂಚಿದ್ದಕ್ಕೆ ಹೋಟೆಲಿನ ಮುಂದೆ ಎದ್ದ ಕಪ್ಪಿನ ಗಲಾಟೆಯಲ್ಲಿ ಅವರ ತಲೆಗೆ ನಾಲ್ಕು ಹೊಲಿಗೆ ಬಿದ್ದಿದ್ದು ಅದಕ್ಕಿಂತ ಆರು ತಿಂಗಳ ಮುಂಚೆ. ಅವರ ಕಥೆಗಳಲ್ಲಿ ಬಾಗಿ ನಿಂತು ಕಣ್ಣೀರಿಡುವ ಜನ ಕಡಿಮೆಯಾಗಿ, ಎದುರು ಮಾತಾಡುವವರು ಬರತೊಡಗಿದ್ದು ಅಲ್ಲಿಂದಲೇ ಎಂದು ನನಗೂ ಆಗ ಹೊಳೆಯಿತು.

ಇನ್ನು ಆ ಬಾವಿಯ ವಿಷಯ. ಊರಿನ ಹೆಸರು ಬೇಡ, ಅಲ್ಲಿ ಈಗಲೂ ಜನ ಬದುಕುತ್ತಿದ್ದಾರೆ. ಆ ಊರಲ್ಲಿ ಮೆಟ್ಟಿಲಿದ್ದ ಒಂದು ದೊಡ್ಡ ಬಾವಿ. ಕೇರಿಯ ಹೆಂಗಸರು ಕೊಡ ಹಿಡಿದು ದೂರ ಕಾಯಬೇಕು, ಯಾರಾದರೂ ಮನಸ್ಸು ಬಂದು ಮೇಲಿನಿಂದ ಸುರಿದರೆ ನೀರು. ಕೇರಿಯ ಒಬ್ಬ ಹೆಂಗಸಿಗೆ ಒಬ್ಬನೇ ಮಗ, ಇಪ್ಪತ್ತರ ಹರೆಯದವನು. ಎರಡು ವರ್ಷ ಗೋವೆಯಲ್ಲಿ ದುಡಿದು ಬಂದಿದ್ದ. ಅಲ್ಲಿ ಎಲ್ಲರ ನಲ್ಲಿಯಲ್ಲೂ ನೀರು ಕುಡಿದವನು. ಬೇಸಗೆಯ ಒಂದು ಮಧ್ಯಾಹ್ನ, ತಾಯಿ ಬಹಳ ಹೊತ್ತು ಕಾದದ್ದನ್ನು ನೋಡಲಾರದೆ ಕೊಡ ಕಸಿದುಕೊಂಡು ತಾನೇ ಮೆಟ್ಟಿಲಿಳಿದ. ನಾಲ್ವರು ಬಂದು ಮೆಟ್ಟಿಲ ಮೇಲೇ ಅವನನ್ನು ಹಿಡಿದು ಹೊಡೆದರು. ಹೊಡೆದು ಬಾವಿಗೆ ತಳ್ಳಿದರು. ಮೇಲೆ ತೆಗೆದಾಗ ಉಸಿರಿತ್ತು, ಎರಡನೇ ದಿನ ಇರಲಿಲ್ಲ. ಹೊಡೆದವರು ಪೊಲೀಸರ ಮುಂದೆ, ನಾವು ಗದರಿಸಿದ್ದಷ್ಟೇ, ಅಂಜಿ ತಾನೇ ಹಾರಿದ, ಕಲ್ಲು ಬಡಿಯಿತು ಅಂದರು. ಕಣ್ಣಾರೆ ಕಂಡವರು ಬಹಳ ಮಂದಿ ಇದ್ದರೂ ಹೇಳಲು ಉಳಿದವಳು ತಾಯಿ ಒಬ್ಬಳೇ.

ಅರ್ಜಿ ಬರೆದದ್ದು ಮಾಸ್ತರರು. ಆ ದಿನ ನಾನು ಪಕ್ಕದಲ್ಲೇ ಇದ್ದೆ. ಮೂರು ಸಲ ಓದಿಸಿಕೊಂಡಳು. ಮೂರನೇ ಸಲ, ಮಗ “ಯವ್ವಾ” ಅಂದದ್ದು ಒಂದೇ ಸಲ, ನೀವು ಎರಡು ಸಲ ಬರೆದಿದ್ದೀರಿ ಅಂದಳು. ಹಾಳೆ ಹರಿದು ಮತ್ತೆ ಬರೆದರು. ಆಮೇಲೆ ಹೆಬ್ಬೆಟ್ಟು. ತಿಂಗಳುಗಟ್ಟಲೆ ಅಲೆದು, ಮೂರು ಕಚೇರಿಗಳ ಬಾಗಿಲಲ್ಲಿ ಕೂತು, ಮಾಸ್ತರರು ಆ ನಾಲ್ವರ ಮೇಲೆ ಕೇಸು ನಿಲ್ಲುವಂತೆ ಮಾಡಿದರು. ಅದಾದ ಮೇಲೆ ಕೋರ್ಟಿನಲ್ಲಿ ಬರೀ ತಾರೀಖು. ವಕೀಲರಿಗೆ ಹುಷಾರಿಲ್ಲ, ಸಾಹೇಬರು ರಜೆ, ಕಾಗದ ಬಂದಿಲ್ಲ. ಪ್ರತಿ ತಾರೀಖಿಗೂ ಆಕೆ ಒಗೆದ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

ಆ ಎರಡು ವರ್ಷದಲ್ಲಿ ಮಾಸ್ತರರು ಆ ಬಾವಿಯ ಕಥೆ ಬರೆದರು. ಮೊದಲ ಸಲ ಬರೆದಾಗ ಕಥೆಯಲ್ಲೂ ಮಗ ಸತ್ತಿದ್ದ. ಪದ್ಧತಿಯಂತೆ ಕಟ್ಟೆಯ ಮೇಲೆ ಕೂತು ಆಕೆಗೆ ಓದಿದರು. ಕೇರಿಯವರೆಲ್ಲ ಸುತ್ತ ಇದ್ದರು. ಆಕೆ ಕೊನೆಯವರೆಗೂ ಸುಮ್ಮನೆ ಕೇಳಿ, ಸೆರಗು ಸರಿಮಾಡಿಕೊಂಡು, “ಕೋರ್ಟಿನ್ಯಾಗ ಸತ್ತಾನ, ಅರ್ಜ್ಯಾಗ ಸತ್ತಾನ. ಕಥ್ಯಾಗೂ ಯಾಕ ಸಾಯಬೇಕ್ರೀ ಅಂವ? ನನ್ನ ಮಗಗ ಈಜು ಬರ್ತಿತ್ತು. ಅವರು ಬರೂದು ನೋಡಿ ತಾನ ಹಾರಿದ್ರ ಬದುಕ್ತಿದ್ದ. ಹಂಗ ಬರೀರಿ,” ಅಂದಳು. ಮಾಸ್ತರರು ಬಹಳ ಹೊತ್ತು ಪೆನ್ನಿನ ಟೋಪಿ ತೆಗೆಯುತ್ತ ಹಾಕುತ್ತ ಕೂತರು. ಆಮೇಲೆ ಆಕೆಯೆದುರೇ ಕೊನೆಯ ಆರು ಪುಟ ಹೊಸದಾಗಿ ಬರೆದರು. ನಾಲ್ವರು ಬರುವುದನ್ನು ಕಂಡು ಹುಡುಗ ತಾನೇ ಬಾವಿಗೆ ಹಾರುತ್ತಾನೆ. ಮುಳುಗಿ ಈಜಿ, ಆಚೆ ಗೋಡೆಯ ಬಸರಿ ಮರದ ಬೇರು ಹಿಡಿದು ಹತ್ತಿ, ಹೊಲಕ್ಕೆ ಬಿದ್ದು ಓಡುತ್ತಾನೆ. ಮತ್ತೆ ಓದಿದರು. ಆಕೆ “ಹಾಂ” ಅಂದಳು. ಅಷ್ಟು ದಿನದಲ್ಲಿ ಆಕೆ ಬಿಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ನಾನು ಬೇಕಾದಷ್ಟು ಅಚ್ಚು ಹಾಕಿದ್ದೇನೆ, ಅಷ್ಟಿಷ್ಟು ಓದಿದ್ದೇನೆ. ಅಂಥ ಆರು ಪುಟ ಮತ್ತೆಲ್ಲೂ ಓದಿಲ್ಲ. ಹುಡುಗ ನೀರಿನ ಕೆಳಗೆ ಉಸಿರು ಹಿಡಿದಾಗ ಓದುವವನೂ ಹಿಡಿಯಬೇಕಾಗುತ್ತಿತ್ತು. ಅವರ ಮನೆ ಸೋರುತ್ತಿದ್ದುದರಿಂದ ಪ್ರತಿ ಕಥೆಯ ಒಂದು ಕಾರ್ಬನ್ ಪ್ರತಿ ನನ್ನ ಬಳಿ, ಪ್ರೆಸ್ಸಿನ ಹಳೆ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಇದನ್ನು ಕೊಡುವಾಗ ಮಾಸ್ತರರು ಎರಡೆರಡು ಸಲ ಹೇಳಿದರು. ಕೇಸು ಮುಗಿಯುವ ತನಕ ಇದು ಯಾರ ಕಣ್ಣಿಗೂ ಬೀಳಬಾರದು, ತಾನೇ ಹಾರಿದ ಅನ್ನುವುದು ಅವರ ಮಾತು, ಅದು ನಮ್ಮ ಕೈಯಿಂದ ಅವರಿಗೆ ಸಿಕ್ಕರೆ ಮುಗಿಯಿತು ಅಂದರು. ನಾನು ತಲೆ ಆಡಿಸಿದೆ. ತಿಳಿಯಲಿಲ್ಲ ಎಂದು ಈಗ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಚೆನ್ನಾಗಿ ತಿಳಿದಿತ್ತು.

ತಿಳಿದೂ ಕಳಿಸಿದೆ. ಬೆಂಗಳೂರಿನ ಒಂದು ಪತ್ರಿಕೆ ದೀಪಾವಳಿ ಸಂಚಿಕೆಗೆ ಕಥೆ ಕರೆದಿತ್ತು. ಕೇಸು ಇನ್ನು ವಿಚಾರಣೆಗೆ ಏಳುವುದಿಲ್ಲ ಎಂದು ನನ್ನ ಮಟ್ಟಿಗೆ ನಾನು ತೀರ್ಮಾನಿಸಿಬಿಟ್ಟಿದ್ದೆ. ಕೋರ್ಟಿನವರು ಕಥೆ ಓದುತ್ತಾರೆಯೇ ಎಂಬ ಉಡಾಫೆ ಬೇರೆ. ಇದಿಷ್ಟೇ ಆಗಿದ್ದರೆ ಮೂರ್ಖತನ ಅನ್ನಬಹುದಿತ್ತು. ಮಾಸ್ತರರು ಯಾರೆಂದು ನಾಡಿಗೆ ತೋರಿಸಿದವನು ನಾನೇ ಆಗಬೇಕು ಅನ್ನುವ ಚಪಲವೂ ಇತ್ತು. ಕಾರ್ಬನ್ ಪ್ರತಿಯನ್ನು ನನ್ನ ಕೈಯಾರೆ ನಕಲು ಮಾಡಿ, ಜೊತೆಗೊಂದು ಪತ್ರ ಬರೆದೆ. ಆ ಪತ್ರದಲ್ಲಿ, ಈ ಕಥೆ ನಮ್ಮ ಕಡೆ ನಿಜವಾಗಿ ನಡೆದ ಘಟನೆಯದು ಎಂದು ಒಂದು ಸಾಲು ಸೇರಿಸಿದೆ. ಸಂಪಾದಕರಿಗೆ ಆ ಸಾಲು ಬಹಳ ಹಿಡಿಸಿರಬೇಕು. ಶೀರ್ಷಿಕೆಯ ಮೇಲೆ ದಪ್ಪ ಅಕ್ಷರದಲ್ಲಿ “ನಡೆದ ಘಟನೆ ಆಧರಿಸಿದ ಕಥೆ” ಎಂದು ಹಾಕಿ, ಕೆಳಗೆ ಮಾಸ್ತರರ ಹೆಸರನ್ನೂ ಊರನ್ನೂ ಅಚ್ಚು ಮಾಡಿದರು.

ಸಂಚಿಕೆ ಹಿಡಿದು ಮಾಸ್ತರರ ಶಾಲೆಗೆ ಓಡಿದೆ. ಅವರು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಸಂಚಿಕೆ ತೆಗೆದುಕೊಂಡು, ಆ ದಪ್ಪ ಅಕ್ಷರ ಓದಿ, ಮುಚ್ಚಿ ಮೇಜಿನ ಮೇಲಿಟ್ಟರು. ಮಕ್ಕಳು ಹನ್ನೆರಡರ ಮಗ್ಗಿ ಮುಗಿಸಿ ಸುಮ್ಮನಾದವು. ಇವರು ಹದಿಮೂರು ಹೇಳಿರೆಂದು ಹೇಳಲೇ ಇಲ್ಲ. ಬಯ್ಯುತ್ತಾರೆಂದು ಕಾದೆ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಹೇಳಿದ್ದು ಇಷ್ಟೇ. “ಮೆಚ್ಚಿ ಕಳಿಸಿದಿ, ಗೊತ್ತಾಗತೈತಿ. ಆದ್ರ ಕೇಳಿ ಕಳಿಸಬೇಕಿತ್ತು. ನನ್ನನ್ನಲ್ಲ, ಆಕಿನ್ನ.” ಆ ಮಾತು ಕೇಳುವವರೆಗೂ ಆ ಹೆಂಗಸು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಮುಂದಿನ ಬೇಸಗೆಯಲ್ಲಿ ಕೇಸು ಎದ್ದಿತು. ಆ ನಾಲ್ವರ ಪರ ನಿಂತ ವಕೀಲರು ಸಾಹಿತ್ಯಪ್ರಿಯರು. ಊರಿನ ಎಲ್ಲ ಸಾಹಿತ್ಯ ಸಭೆಗಳಿಗೂ ಅವರೇ ಅಧ್ಯಕ್ಷರು, ಭಾಷಣದ ಆಮಂತ್ರಣಗಳನ್ನು ನಾನೇ ಅಚ್ಚು ಹಾಕಿದ್ದೆ. ನಮ್ಮ ಸೀಮೆಯಲ್ಲಿ ಮಾಸ್ತರರ ಕಥೆಯನ್ನು ಪೆನ್ಸಿಲು ಹಿಡಿದು, ಸಾಲು ಸಾಲಿಗೆ ಗೆರೆ ಎಳೆದು ಓದಿದ ಮೊದಲ ಓದುಗರು ಅವರು. ಸಂಚಿಕೆಯನ್ನು ಮಡಿಸಿ, ಹಾಳೆಗಳ ನಡುವೆ ಚೀಟಿ ಇಟ್ಟುಕೊಂಡು ಕೋರ್ಟಿಗೆ ಬಂದರು. ಅದನ್ನು ಅವರ ಕೈಯಲ್ಲಿ ಕಂಡಕೂಡಲೇ ನಾನು ಹಿಂದಿನ ಗೋಡೆಯ ಕಡೆ ಸರಿದೆ.

ಮೊದಲು ತಾಯಿ. ನಡೆದದ್ದನ್ನೆಲ್ಲ ಅರ್ಜಿಯಲ್ಲಿದ್ದಂತೆಯೇ ಹೇಳಿದಳು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ವಕೀಲರು ಆಕೆಯನ್ನು ಗದರಿಸಲಿಲ್ಲ. ಬಹಳ ಮರ್ಯಾದೆಯಿಂದ, ನಾನೊಂದಿಷ್ಟು ಓದುತ್ತೇನೆ, ಕೇಳಿ ಅಂದರು. ಆ ಆರು ಪುಟದಿಂದ ಒಂದಿಷ್ಟು ಓದಿದರು. ಚೆನ್ನಾಗಿಯೂ ಓದಿದರು, ಪಾಪಿ. ಆಕೆ ಕಟಕಟೆಯ ಮರ ಹಿಡಿದು ಕೇಳುತ್ತಿದ್ದಂತೆ ಮುಖ ಅರಳಿತು. ಇದನ್ನು ಮಾಸ್ತರರಿಗೆ ಹೀಗೇ ಬರೆಯಿರಿ ಎಂದು ಹೇಳಿದವರು ನೀವೇ ಏನು ಎಂದು ಕೇಳಿದಾಗ, “ಹೌದ್ರಿ, ನಾನ ಹೇಳಿ ಬರಸೀನಿ,” ಅಂದಳು. ಓದಿಸಿಕೊಂಡು ಒಪ್ಪಿದ್ದೂ ಹೌದೇ ಅಂದರು. ಹೌದೆಂದಳು. ಅರ್ಜಿಯನ್ನು ಒಪ್ಪಿದ ಹಾಗೆಯೇ? ಅದಕ್ಕೂ ಹೌದೆಂದಳು. ಸುಳ್ಳು ಹೇಳುವುದು ಗೊತ್ತಿದ್ದರೆ ಆಕೆ ಅಲ್ಲಿ ಉಳಿದುಕೊಳ್ಳುತ್ತಿದ್ದಳೇನೋ.

ಆಮೇಲೆ ಮಾಸ್ತರರು ಕಟಕಟೆಯಲ್ಲಿ ನಿಂತರು. ಅರ್ಜಿಯೂ ನೀವೇ ಬರೆದದ್ದು, ಕಥೆಯೂ ನೀವೇ ಬರೆದದ್ದು, ಒಂದರಲ್ಲಿ ಹೊಡೆದು ತಳ್ಳಿದ್ದಾರೆ, ಒಂದರಲ್ಲಿ ತಾನೇ ಹಾರಿದ್ದಾನೆ, ನಡೆದ ಘಟನೆ ಎಂದು ಅಚ್ಚಾಗಿರುವುದು ಕಥೆಯ ಮೇಲೆ, ಯಾವುದನ್ನು ನಂಬಬೇಕು ಎಂದು ವಕೀಲರು ಕೇಳಿದರು. ಮಾಸ್ತರರು ಆಕೆಯ ಕಡೆ ನೋಡಿ ಹೇಳಿದರು. “ಅರ್ಜಿ ಆಕಿ ಕಂಡದ್ರಿ. ಕಥಿ ಆಕಿ ಬೇಡಿದ್ದು.” ಆದರೆ ಅಲ್ಲಿ ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಎರಡನ್ನೂ ತಾನೇ ಬರೆದದ್ದಾಗಿ ಸಾಕ್ಷಿ ಒಪ್ಪಿಕೊಂಡ ಎಂದಷ್ಟೇ ಬರೆದುಕೊಂಡರೆಂದು ಆಮೇಲೆ ಸರ್ಕಾರಿ ವಕೀಲರು ಹೇಳಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ವಕೀಲರು ಕೂರುವ ಮುಂಚೆ ಇನ್ನೊಂದು ಪ್ರಶ್ನೆ ಹಾಕಿದರು. ಇದನ್ನು ನಡೆದ ಘಟನೆ ಎಂದು ಪತ್ರಿಕೆಗೆ ಕಳಿಸಿದವರು ಯಾರು? ನಾನು ಹಿಂದಿನ ಗೋಡೆಗೆ ನಿಂತಿದ್ದೆ. ಕೇರಿಯಿಂದ ಬಂದ ಹತ್ತು ಹನ್ನೆರಡು ಜನ ನನ್ನ ಅಕ್ಕಪಕ್ಕದಲ್ಲೇ ಇದ್ದರು. ನಾನು ಒಂದು ಹೆಜ್ಜೆ ಮುಂದೆ ಬಂದಿದ್ದರೆ ಸಾಕಿತ್ತು. ಮಾಸ್ತರರು ನನ್ನ ಕಡೆ ತಿರುಗಲೂ ಇಲ್ಲ. “ನಾನ ಕಳಿಸೀನ್ರಿ,” ಅಂದರು. ಮೂವರನ್ನು ನಾಲ್ವರೆಂದು ಬರೆಯಲು ಒಪ್ಪದೆ ಹಾಳೆ ಹರಿದ ಮನುಷ್ಯ, ಪ್ರಮಾಣ ಮಾಡಿ ನಿಂತ ಜಾಗದಲ್ಲಿ, ಎಲ್ಲರೂ ಕೇಳುವ ಹಾಗೆ, ನನಗಾಗಿ ಸುಳ್ಳು ಹೇಳಿದರು. ನಾನು ನಿಂತಲ್ಲೇ ನಿಂತಿದ್ದೆ.

ನಾಲ್ವರನ್ನೂ ಬಿಟ್ಟರು. ಹೊರಗೆ ಅವರ ಕಡೆಯವರು ಪಟಾಕಿ ಹಚ್ಚಿದರು. ತಾಯಿಗೆ ಏನಾಯಿತೆಂದು ಯಾರೋ ಬಿಡಿಸಿ ಹೇಳಬೇಕಾಯಿತು. ತನ್ನ ಹೌದು ಅನ್ನುವ ಮಾತಿನಿಂದಲೇ ಎಲ್ಲ ಹೋಯಿತೆಂದು ಅರ್ಥವಾದ ಮೇಲೆ ಆಕೆ ಅಳಲಿಲ್ಲ. ರೊಟ್ಟಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಸ್ತರರೆದುರು ಬಂದು ನಿಂತಳು. “ಬದುಕಿಸಿಕೊಡ್ರಿ ಅಂದಿದ್ದೆ. ಬಜಾರದಾಗ ಇಡ್ರಿ ಅಂದಿದ್ದಿಲ್ಲ.” ಕೇರಿಯವರು ಆಕೆಯನ್ನು ಕರೆದುಕೊಂಡು ಬೇರೆ ಬಸ್ಸಿಗೆ ಹೋದರು. ನಾವಿಬ್ಬರೂ ಅದೇ ಬಿಸಿಲಲ್ಲಿ ಮುಂದಿನ ಬಸ್ಸಿಗೆ ಕಾದೆವು.

ಮಾಸ್ತರರು ಅದರ ಮೇಲೂ ಪ್ರತಿ ಭಾನುವಾರ ಆ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಚೀಲದಲ್ಲಿ ಹಾಳೆ, ಕಾರ್ಬನ್ ಎಲ್ಲ ಇರುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಮಾಸ್ತರರ ಮುಂದೆ ಏನು ಹೇಳಿದರೂ ಪೇಪರಿನಲ್ಲಿ ಬರುತ್ತದೆ, ಅವರಿಗೆ ಹೆಸರು ಬೇಕಾಗಿದೆ ಅನ್ನುವ ಮಾತು ಸುತ್ತಲ ಕೇರಿಗಳಿಗೂ ಹಬ್ಬಿತ್ತು. ಎಮ್ಮೆಯವಳು ಕೂಡ ಮುಖ ತಿರುಗಿಸಿ ಹೋಗುತ್ತಿದ್ದಳು. ಆ ಕಟ್ಟೆಗಳ ಸುತ್ತ ಮಾಸ್ತರರು ಕಟ್ಟಿದ್ದ ಸಣ್ಣ ಸಂಘವೂ ಒಂದು ವರ್ಷದಲ್ಲಿ ಚದುರಿತು. ಅವರು ಮತ್ತೆ ಕಥೆ ಬರೆಯಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಓದಿ ಹೇಳಲು ಜನ ಇಲ್ಲ ಅಂದರು.

ನಾನು ಹೋಗಿ ನಿಜ ಹೇಳುತ್ತೇನೆಂದು ಹಟ ಹಿಡಿದೆ, ಎರಡು ಸಲವೋ ಮೂರು ಸಲವೋ. “ಹೇಳಿ ಏನ ಮಾಡ್ತಿ? ನಿನ್ನ ಮ್ಯಾಲಿನ ನಂಬಿಕಿ ಹೋಗತೈತಿ, ನನ್ನ ಮ್ಯಾಲಿಂದು ತಿರುಗಿ ಬರೂದಿಲ್ಲ. ಬರದಾಂವ ನಾನಲ್ಲೇನು? ಸುಮ್ನಿರು,” ಅಂದರು. ಅವರ ಮಾತು ಮೀರಬಾರದೆಂದು ಸುಮ್ಮನಿದ್ದೆ ಎಂದು ಬಹಳ ಕಾಲ ನನಗೇ ನಾನು ಹೇಳಿಕೊಂಡೆ. ನಿಜವೇನೆಂದರೆ, ಅವರು ಬೇಡವೆಂದಾಗ ನನಗೆ ಹಾಯೆನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಫಲವಿಲ್ಲ.

ಅವರಿಗೆ ಯಲಬುರ್ಗಾ ಕಡೆ ವರ್ಗವಾಯಿತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಭೇಟಿ. ಎಂಬತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ ಕಾಮಾಲೆ ಹಿಡಿದು ಮಲಗಿದರು. ನಾಟಿ ಔಷಧಿಯಲ್ಲಿ ವಾರಗಟ್ಟಲೆ ಕಳೆದು, ಆಸ್ಪತ್ರೆಗೆ ತಂದಾಗ ತಡವಾಗಿತ್ತು. ಅವರ ಹೆಂಡತಿ ಕರೆಕಳಿಸಿದ್ದರಿಂದ ಹೋದೆ. ಕಣ್ಣು, ಕೈ, ಎಲ್ಲ ಹಳದಿ. ಏನು ಅಚ್ಚು ಹಾಕುತ್ತಿದ್ದೀ ಎಂದು ಕೇಳಿದರು. ಲಗ್ನಪತ್ರಿಕೆ ಅಂದೆ. ಒಳ್ಳೆಯದು ಅಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, “ಆಕಿ ಒಮ್ಮೆ ಮಾತಾಡಿಸಿದ್ದರ ಸಾಕಿತ್ತು,” ಅಂದರು. ನಾನು ಅವರ ಕಾಲು ಹಿಡಿದು ಅತ್ತೆ. ಅವರಿಗೆ ಗೊತ್ತಾಯಿತೋ ಇಲ್ಲವೋ. ಮರುದಿನ ಮಧ್ಯಾಹ್ನ ಹೋದರು. ಮಣ್ಣಿಗೆ ಬಂದವರು ಶಾಲೆಯ ಇಬ್ಬರು ಮಾಸ್ತರರು, ಮನೆಯವರು, ನಾನು. ಅರ್ಜಿ ಬರೆಸಿಕೊಂಡ ನೂರಾರು ಜನರಲ್ಲಿ ಒಬ್ಬರೂ ಬರಲಿಲ್ಲ.

ಮೂರನೇ ದಿನ ನಾನು ಆ ಊರಿಗೆ ಹೋದೆ. ಇನ್ನು ನನ್ನನ್ನು ತಡೆಯುವವರು ಇರಲಿಲ್ಲ, ಕಾಪಾಡುವವರೂ ಇರಲಿಲ್ಲ. ತಾಯಿ ಗುಡಿಸಲ ಮುಂದೆ ಕೂತು ಹುಣಸೆಹಣ್ಣು ಬಡಿದು ಬೀಜ ಬೇರೆ ಮಾಡುತ್ತಿದ್ದಳು. ಎದುರಿಗೆ ಕೂತು, ಮಾಸ್ತರರು ತೀರಿಹೋದರೆಂದು ಹೇಳಿದೆ. ಬಡಿಯುವುದು ನಿಲ್ಲಲಿಲ್ಲ. ಪತ್ರಿಕೆಗೆ ಕಥೆ ಕಳಿಸಿದವನು ನಾನು, ಅವರು ಬೇಡವೆಂದಿದ್ದರು, ಆ ದಪ್ಪ ಅಕ್ಷರದ ಸಾಲೂ ನನ್ನದು, ಕೋರ್ಟಿನಲ್ಲಿ ಅವರು ನನ್ನ ಸಲುವಾಗಿ ಸುಳ್ಳು ಹೇಳಿದರು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆಗ ಕೈ ನಿಂತಿತು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ.

“ಹ್ವಾದ ತಿಂಗಳ ಬಂದಿದ್ರು,” ಅಂದಳು. “ಮಾರಿ ಎಲ್ಲಾ ಹಳದಿ ಆಗಿತ್ತು. ಇಲ್ಲೇ ನೀ ಕುಂತಲ್ಲೇ ನಿಂತು, ಯವ್ವಾ ಒಂದ್ ತಂಬಗಿ ನೀರು ಕೊಡು ಅಂದ್ರು. ಕೊಡ ತುಂಬಿತ್ತಪ. ಇಲ್ಲ ಅಂದೆ.”

ಹುಣಸೆಯ ಅಂಟು ಹಿಡಿದ ಎರಡು ಕೈಯನ್ನೂ ನೋಡಿಕೊಂಡಳು. ಆಮೇಲೆ ಎದ್ದು ಒಳಗೆ ಹೋದಳು. ತಂಬಿಗೆ ತುಂಬಿಸಿ ತಂದು ನನ್ನೆದುರು ಹಿಡಿದಳು. ಅವರಿಗೆ ಸಲ್ಲಬೇಕಾಗಿದ್ದ ನೀರು ಅದು. ನಾನು ಎರಡೂ ಕೈಯಿಂದ ಇಸಿದುಕೊಂಡು ಕುಡಿದೆ.